ಮುಳ್ಳು ಇಡುವ ಮೊದಲು: ಕಠಿಣ ಜಾಜ್‌ನಲ್ಲಿ ಯಾವುದನ್ನು ಕೇಳುವುದು, ಯಾವುದನ್ನು ಕೊಳ್ಳುವುದು

ಹಾಸನದ ಸಾಲಗಾಮೆ ರಸ್ತೆಯ ಕಡೆ ಬಾಡಿಗೆ ಮನೆಯಲ್ಲಿರುವ ನನ್ನ ಅಕ್ಕನ ಮಗ ಹೋದ ವರ್ಷ ರೆಕಾರ್ಡು ತಿರುಗಿಸುವ ಒಂದು ಟರ್ನ್‌ಟೇಬಲ್ ಮತ್ತು ಅಮೆರಿಕದ ಜಾಜ್ ಸಂಗೀತದ ಐದು ರೆಕಾರ್ಡು ಕೊಳ್ಳಲು ಹಣ ಎತ್ತಿಟ್ಟ. "ಮಾವ, ಸುಲಭದ್ದು ಬೇಡ. ಹತ್ತು ವರ್ಷ ಕೇಳಿದರೂ ಮುಗಿಯಬಾರದು, ಅಂಥವನ್ನು ಹೇಳಿ" ಎಂದು ಫೋನ್ ಮಾಡಿದ. ಅವನ ಬಳಿ ಎಲ್ಲಿಂದಲೋ ಇಳಿಸಿಕೊಂಡ ಒಂದು ಪಟ್ಟಿಯೂ ಇತ್ತು: ಸುಲಭದಿಂದ ಕಠಿಣಕ್ಕೆ, ಮೆಟ್ಟಿಲು ಮೆಟ್ಟಿಲಾಗಿ. ಓದಿಸಿ ಕೇಳಿದೆ. ತುತ್ತತುದಿಯಲ್ಲಿ ಇಟ್ಟಿದ್ದ ಒಂದೆರಡು ಆಲ್ಬಂಗಳು ನನಗೆ ಮೊದಲ ದಿನವೇ ಒಲಿದಿದ್ದವು; ನಡುವಿನ ಮೆಟ್ಟಿಲಲ್ಲಿದ್ದ ಒಂದು ಇಪ್ಪತ್ತು ವರ್ಷವಾದರೂ ಪೂರ್ತಿ ದಕ್ಕಿಲ್ಲ.

ಪಟ್ಟಿ ಮಾಡಿದವನ ಕಿವಿ ಬೇರೆ, ನಮ್ಮ ಕಿವಿ ಬೇರೆ. ಅಮೆರಿಕದಲ್ಲಿ ಬೆಳೆದವರಿಗೆ ಹಾಡೆಂದರೆ ಕಾರ್ಡುಗಳ, ಅಂದರೆ ಸ್ವರಗುಚ್ಛಗಳ, ಮೇಲೆ ಕಟ್ಟಿದ ಮನೆ. ಪಿಯಾನೋ ಅಥವಾ ಗಿಟಾರು ಹಲವು ಸ್ವರಗಳನ್ನು ಒಟ್ಟಿಗೆ ಹಿಡಿಯುತ್ತದೆ, ಕೆಲವು ಮಾತ್ರೆಗೊಮ್ಮೆ ಆ ಗುಚ್ಛವನ್ನು ಬದಲಿಸುತ್ತ ಹೋಗುತ್ತದೆ. ಹಾಡು ಅದರ ಮೇಲೆ ನಡೆಯುತ್ತದೆ. 1959ರ ಸುಮಾರಿಗೆ ಕೆಲವರು ಆ ನೆಲವನ್ನೇ ಕಿತ್ತಾಗ ಅಲ್ಲಿನ ಕೇಳುಗರು ಬೆಚ್ಚಿಬಿದ್ದರು. ನಮಗೋ, ಆ ನೆಲ ಇದ್ದದ್ದೇ ಇಲ್ಲ. ತಂಬೂರಿಯ ಒಂದೇ ಶ್ರುತಿಯ ಮೇಲೆ ಅರ್ಧ ಗಂಟೆ ಆಲಾಪನೆ, ಆಮೇಲೆ ತನಿ ಆವರ್ತನ, ಉತ್ಸವದಲ್ಲಿ ಡೋಲಿನ ಜೊತೆ ಕಿವಿಗಡಚಿಕ್ಕುವ ನಾಗಸ್ವರ, ಬಯಲಾಟದಲ್ಲಿ ರಾತ್ರಿಯಿಡೀ ಚೆಂಡೆ. ಇವನ್ನು ಕೇಳಿ ಬೆಳೆದವರಿಗೆ ಕಾರ್ಡುಗಳಿಲ್ಲದ ಜಾಜ್ ಅಷ್ಟೇನೂ ದೂರವಲ್ಲ. ಕಾರ್ಡುಗಳು ತುಂಬಿ ತುಳುಕುವ ಜಾಜ್ ದೂರ. ಮುಂದೆ ನಾನು ಹೇಳುವುದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ನೀವು ಚರ್ಚಿನ ಗಾಯಕವೃಂದದಲ್ಲಿ ನಾಲ್ಕು ಧ್ವನಿಗಳ ನಡುವೆ ಹಾಡಿ ಬೆಳೆದವರಾದರೆ ನನ್ನ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳಿ.

ಕೋಲ್‌ಮನ್ ಮೊದಲೋ, ಡಾಲ್ಫಿ ಮೊದಲೋ

ಆರ್ನೆಟ್ ಕೋಲ್‌ಮನ್ ಅವರ ‘ದಿ ಶೇಪ್ ಆಫ್ ಜಾಜ್ ಟು ಕಮ್’ 1959ರದು. ಸ್ಯಾಕ್ಸೋಫೋನ್, ಕೊಳಲು ನುಡಿಸುತ್ತಿದ್ದ ಎರಿಕ್ ಡಾಲ್ಫಿ ಅವರ ‘ಔಟ್ ಟು ಲಂಚ್’ ಧ್ವನಿಮುದ್ರಣವಾದದ್ದು 1964ರ ಫೆಬ್ರವರಿ 25ರಂದು. ಎರಡರಲ್ಲೂ ಪಿಯಾನೋ ಇಲ್ಲ. ಸಾಮ್ಯ ಅಲ್ಲಿಗೆ ಮುಗಿಯಿತು.

ಕೋಲ್‌ಮನ್ ನುಡಿಸಿದ್ದು ಪ್ಲಾಸ್ಟಿಕ್ಕಿನ ಆಲ್ಟೋ ಸ್ಯಾಕ್ಸೋಫೋನ್. ಜೊತೆಗೆ ಡಾನ್ ಚೆರ್ರಿ ಅವರ ಕಾರ್ನೆಟ್ ಎಂಬ ಚಿಕ್ಕ ತುತ್ತೂರಿ, ಚಾರ್ಲಿ ಹೇಡನ್ ಅವರ ಬಾಸ್ ಎಂಬ ಮಂದ್ರದ ದೊಡ್ಡ ತಂತಿವಾದ್ಯ, ಬಿಲ್ಲಿ ಹಿಗಿನ್ಸ್ ಅವರ ಡ್ರಮ್. ಮೊದಲ ಹಾಡು ‘ಲೋನ್ಲಿ ವುಮನ್’ ಕೇಳಿ. ಕೆಳಗೆ ಡ್ರಮ್ ಓಡುತ್ತಿರುತ್ತದೆ. ಮೇಲೆ ಎರಡು ತುತ್ತೂರಿಗಳು ಆ ಓಟ ತಮಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ ನಿಧಾನವಾಗಿ ಗೋಳಿಡುತ್ತಿರುತ್ತವೆ. ಅದೇ ವರ್ಷದ ನವೆಂಬರಿನಲ್ಲಿ ಈ ತಂಡ ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಕ್ಲಬ್ಬಿನಲ್ಲಿ ನುಡಿಸಿದಾಗ ಜಾಜ್ ಲೋಕ ಎರಡು ಹೋಳಾಯಿತು. ಸ್ವರ ಶುದ್ಧವಿಲ್ಲ ಎಂದು ಬೈದವರಿದ್ದರು. ಗಮಕಕ್ಕೆ ಒಗ್ಗಿದ ಕಿವಿಗೆ ಅದು ಅಪಶ್ರುತಿ ಅನ್ನಿಸುವುದೇ ಇಲ್ಲ. ಸ್ವರವನ್ನು ಜಗ್ಗಿ, ಎಳೆದು, ಅತ್ತಿತ್ತ ಅಲುಗಿಸಿ ನಿಲ್ಲಿಸುವುದು ನಮಗೆ ದಿನನಿತ್ಯದ ವಿಷಯ.

ಡಾಲ್ಫಿ ಬೇರೆ ಜಾತಿಯ ಬುದ್ಧಿವಂತ. ‘ಹ್ಯಾಟ್ ಅಂಡ್ ಬಿಯರ್ಡ್’ ಎಂಬ ಮೊದಲ ಹಾಡು ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರ ಟೋಪಿ ಮತ್ತು ಗಡ್ಡವನ್ನು ನೆನೆದು ಬರೆದದ್ದು. ಐದರ ಎಣಿಕೆಯಲ್ಲಿ ಶುರುವಾಗಿ, ಎಲ್ಲರೂ ಸೇರಿಕೊಂಡ ಮೇಲೆ ಒಂಬತ್ತರಲ್ಲಿ ಸುತ್ತುತ್ತದೆ. ಐದರ ಖಂಡಕ್ಕೆ ನಾಲ್ಕರ ಚತುರಶ್ರ ಸೇರಿಸಿ ಒಂಬತ್ತರ ಸಂಕೀರ್ಣ ಮಾಡಿಕೊಂಡರೆ ತೊಡೆಯ ಮೇಲೆ ತಾಳ ಹಾಕುತ್ತಲೇ ಕೇಳಬಹುದು. ಡ್ರಮ್ ನುಡಿಸಿದ ಟೋನಿ ವಿಲಿಯಮ್ಸ್ ಅವರಿಗೆ ಆಗ ಹದಿನೆಂಟು ವರ್ಷ. ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ಬಾಬಿ ಹಚರ್‌ಸನ್ ಅವರ ವೈಬ್ರಫೋನ್ ಕಾರ್ಡುಗಳ ಹಾಸಿಗೆ ಹಾಸುವ ಬದಲು ಗಾಜಿನ ಚೂರುಗಳನ್ನು ಚೆಲ್ಲುತ್ತ ಹೋಗುತ್ತದೆ. ಇದಾಗಿ ನಾಲ್ಕು ತಿಂಗಳಿಗೆ, ಜೂನ್ 29ರಂದು, ಡಾಲ್ಫಿ ಬರ್ಲಿನ್ನಿನಲ್ಲಿ ತೀರಿಕೊಂಡರು, ವಯಸ್ಸು ಮೂವತ್ತಾರು.

ಮೊದಲು ಕೋಲ್‌ಮನ್ ಕೇಳಿ. ಅಲ್ಲಿ ಹಿಡಿದುಕೊಳ್ಳಲು ಒಂದು ದುಃಖವಿದೆ, ಅದು ಸಾಕು. ತಾಳದ ಲೆಕ್ಕದಲ್ಲಿ ಸುಖ ಕಾಣುವವರು ನೇರವಾಗಿ ಡಾಲ್ಫಿಗೆ ಹೋದರೂ ನಷ್ಟವಿಲ್ಲ. ಒಂದು ಸಣ್ಣ ಎಚ್ಚರಿಕೆ ಮಲೆನಾಡಿನವರಿಗೆ: ‘ಔಟ್ ಟು ಲಂಚ್’ ತುಂಬ ಖಾಲಿ ಜಾಗಗಳಿರುವ ಸಂಗೀತ. ಪುನರ್ವಸು ಮಳೆ ಶೀಟಿನ ಮಾಡಿನ ಮೇಲೆ ಹುಯ್ಯುವಾಗ ಆ ಖಾಲಿ ಜಾಗಗಳಲ್ಲಿ ಮಳೆಯೇ ತುಂಬಿಕೊಂಡು ಡಾಲ್ಫಿ ಕಾಣೆಯಾಗುತ್ತಾರೆ. ನಾನು ಅದನ್ನು ಡಿಸೆಂಬರಿನ ರಾತ್ರಿಗೆ ಎತ್ತಿಡುತ್ತೇನೆ.

ಗಂಡ, ಹೆಂಡತಿ ಮತ್ತು ಒಂದು ಉಗಾಭೋಗ

ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ ಮತ್ತು ಅವರ ಪತ್ನಿ ಆಲಿಸ್ ಕೋಲ್ಟ್ರೇನ್ ಅವರ ‘ಜರ್ನಿ ಇನ್ ಸಚ್ಚಿದಾನಂದ’. ಯಾವುದಾದರೂ ಒಂದಕ್ಕೆ ಮಾತ್ರ ಹಣವಿದೆ ಎನ್ನುವವರು ಹೆಚ್ಚಾಗಿ ಎರಡನೆಯದರ ಕಡೆ ವಾಲುತ್ತಾರೆ. ಹೆಸರಿನಲ್ಲೇ ಸಚ್ಚಿದಾನಂದ ಇದೆ, ಒಳಗೆ ತಂಬೂರಿ ಇದೆ. 1971ರಲ್ಲಿ ಬಂದ ಈ ಆಲ್ಬಂನಲ್ಲಿ ಆಲಿಸ್ ಹಾರ್ಪ್ ಮತ್ತು ಪಿಯಾನೋ ನುಡಿಸುತ್ತಾರೆ, ಫ್ಯಾರೋ ಸ್ಯಾಂಡರ್ಸ್ ಅವರ ಸ್ಯಾಕ್ಸೋಫೋನ್ ಇದೆ, ಸೆಸಿಲ್ ಮಕ್‌ಬೀ ಅವರ ಬಾಸ್ ಒಂದೇ ಸಾಲನ್ನು ಜಪದಂತೆ ಹಿಡಿದು ಕೂರುತ್ತದೆ. ಚೆನ್ನಾಗಿದೆ. ಆದರೆ ಅಮೆರಿಕದ ಕೇಳುಗನಿಗೆ ತಂಬೂರಿಯ ನಾದವೇ ಒಂದು ಪ್ರಯಾಣ. ನಮಗೆ ಅದು ಮನೆಯ ಜಗಲಿ. ಜಗಲಿಯಲ್ಲಿ ಕೂತು ಪ್ರಯಾಣ ಹೊರಟೆ ಎಂದುಕೊಳ್ಳುವುದು ಕಷ್ಟ. ಹತ್ತು ಸಲ ಕೇಳಿದ ಮೇಲೆ ನನಗೆ ಅದು ಹಿತವಾದ ಹಿನ್ನೆಲೆಯಾಗಿ ಉಳಿಯಿತು, ಅಕ್ಕನ ಮಗನಿಗೆ ಮಾತ್ರ ಈಗಲೂ ಪ್ರಾಣ. ಇರಲಿ.

‘ಎ ಲವ್ ಸುಪ್ರೀಮ್’ ಮುದ್ರಣವಾದದ್ದು 1964ರ ಡಿಸೆಂಬರ್ 9ರಂದು, ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿದ್ದ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ. ನಾಲ್ವರು, ನಾಲ್ಕು ಭಾಗ, ಸುಮಾರು ಮೂವತ್ತಮೂರು ನಿಮಿಷ. ಮೊದಲ ಭಾಗದಲ್ಲಿ ಬಾಸ್ ನಾಲ್ಕೇ ಸ್ವರಗಳ ಒಂದು ತುಣುಕು ಹಾಕುತ್ತದೆ. ಕೋಲ್ಟ್ರೇನ್ ಅದನ್ನೇ ಎತ್ತಿಕೊಂಡು ಬೇರೆ ಬೇರೆ ಆಧಾರ ಸ್ವರಗಳ ಮೇಲೆ ಇಟ್ಟು ಇಟ್ಟು ನೋಡುತ್ತಾರೆ. ಗ್ರಹಭೇದ ಗೊತ್ತಿರುವವರು ಇಲ್ಲಿ ನಗುತ್ತಾರೆ.

ನಾನು ಹೇಳಬೇಕಾದದ್ದು ಕೊನೆಯ ಭಾಗ ‘ಸಾಮ್’ ಬಗ್ಗೆ. ಬೈಬಲ್ಲಿನ ಕೀರ್ತನೆಗಳಿಗೆ ಇರುವ ಹೆಸರು ಅದು. ರೆಕಾರ್ಡಿನ ಕವರನ್ನು ಪುಸ್ತಕದಂತೆ ಬಿಡಿಸಿದರೆ ಒಳಗೆ ಕೋಲ್ಟ್ರೇನ್ ಬರೆದ ಒಂದು ಪ್ರಾರ್ಥನಾ ಪದ್ಯ ಅಚ್ಚಾಗಿದೆ. ನಾಲ್ಕನೆಯ ಭಾಗದಲ್ಲಿ ಅವರು ಆ ಪದ್ಯವನ್ನೇ, ಮಾತು ಮಾತಾಗಿ, ಸ್ಯಾಕ್ಸೋಫೋನಿನಲ್ಲಿ ಓದುತ್ತಾರೆ. ಡ್ರಮ್ ನುಡಿಸುವ ಎಲ್ವಿನ್ ಜೋನ್ಸ್ ಹಿಂದೆ ಗುಡುಗಿನಂತೆ ಉರುಳಿಸುತ್ತಾರೆ, ತಾಳದ ಆವರ್ತ ಯಾವುದೂ ಇಲ್ಲ. ದೇವರೇ ನಿನಗೆ ಕೃತಜ್ಞತೆ ಎಂಬ ಮಾತು ಬಂದಾಗಲೆಲ್ಲ ಸ್ವರ ಷಡ್ಜಕ್ಕೆ ಇಳಿದು ನಿಲ್ಲುತ್ತದೆ. ದಾಸರ ಉಗಾಭೋಗ ಕೇಳಿದವರಿಗೆ ಇದಕ್ಕಿಂತ ಪರಿಚಿತವಾದದ್ದು ಇನ್ನೇನಿದೆ? ತಾಳವಿಲ್ಲ, ಮಾತಿನ ಉಸಿರೇ ಲಯ, ಸಾಲು ಮುಗಿದಲ್ಲಿ ಅಂಕಿತ. ನನ್ನ ತಾಯಿಗೆ ಜಾಜ್ ಎಂಬ ಪದವೇ ಗೊತ್ತಿರಲಿಲ್ಲ. ಒಂದು ಸಂಜೆ ಇದು ನಡೆಯುತ್ತಿದ್ದಾಗ ಒಳಗಿನಿಂದ ಬಂದು ಸ್ವಲ್ಪ ಹೊತ್ತು ನಿಂತು, "ಇವರು ಏನೋ ಹೇಳುತ್ತಿದ್ದಾರಲ್ಲ" ಎಂದರು. ನಾನು ಆ ಪದ್ಯದ ವಿಷಯ ಓದಿ ತಿಳಿದದ್ದು ಅದಾಗಿ ಎಷ್ಟೋ ದಿನಗಳ ಮೇಲೆ.

ಹಾಗಾಗಿ ಒಂದೇ ಒಂದು ರೆಕಾರ್ಡು ಕೊಳ್ಳುವವರಿಗೆ ನನ್ನ ಉತ್ತರ ಇದೇ. ಕವರಿನ ಪದ್ಯ ಮಡಿಲಲ್ಲಿಟ್ಟುಕೊಂಡು ಬೆರಳಿಟ್ಟು ಸಾಲು ಹಿಡಿಯುತ್ತ ಕೇಳುವ ಸುಖ ಮೊಬೈಲಿನ ಅಂಗೈ ಅಗಲದ ಚಿತ್ರದಲ್ಲಿ ಸಿಗುವುದಿಲ್ಲ. ಕೊಳ್ಳುವಾಗ ಕವರು ಬಿಡಿಸುವಂಥದ್ದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಬಿಡಿಸಲಾಗದ ಒಂಟಿ ಕವರಿನಲ್ಲಿ ಬಂದರೆ ಅರ್ಧ ವಸ್ತು ಬಂದಂತೆ.

ಗುಂಪು ಕೂಡಿದಾಗ

ಎಂಟು ಹತ್ತು ಜನ ಒಟ್ಟಿಗೆ ಮುಗಿಬೀಳುವ ಆಲ್ಬಂಗಳಲ್ಲಿ ಮೂರನ್ನು ಪಕ್ಕ ಪಕ್ಕ ಇಡುತ್ತೇನೆ.

ಕೋಲ್‌ಮನ್ ಅವರ ‘ಫ್ರೀ ಜಾಜ್’ 1960ರ ಡಿಸೆಂಬರಿನಲ್ಲಿ ಮುದ್ರಣವಾಯಿತು. ಎರಡು ತಂಡ, ತಂಡಕ್ಕೆ ನಾಲ್ವರು. ಎಡ ಸ್ಪೀಕರಿನಲ್ಲಿ ಒಂದು, ಬಲದಲ್ಲಿ ಇನ್ನೊಂದು, ಮೂವತ್ತೇಳು ನಿಮಿಷ ಏಕಕಾಲಕ್ಕೆ. ಕೋಲ್ಟ್ರೇನ್ ಅವರ ‘ಅಸೆನ್ಷನ್’ 1965ರ ಜೂನ್ 28ರದು. ಹನ್ನೊಂದು ಜನ, ಸುಮಾರು ನಲವತ್ತು ನಿಮಿಷ. ಮೂರನೆಯದು ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’, 1963ರ ಜನವರಿ 20ರಂದು ಹನ್ನೊಂದು ಜನ ಸೇರಿ ನುಡಿಸಿದ್ದು.

ಪಟ್ಟಿಗಳಲ್ಲಿ ಮಿಂಗಸ್ ನಡುವೆ ಎಲ್ಲೋ ಇರುತ್ತಾರೆ, ಉಳಿದೆರಡು ತುದಿಯಲ್ಲಿ. ನನಗೆ ಉಲ್ಟಾ. ‘ಅಸೆನ್ಷನ್’ ಎಂದರೆ ರಥ ಎಳೆಯುವ ಹೊತ್ತಿನ ಗದ್ದಲ. ವಾಲಗ, ಡೋಲು, ಗಂಟೆ, ಜನರ ಕೂಗು ಎಲ್ಲ ಒಂದೇ ಉಸಿರಿನಲ್ಲಿ. ನಡುನಡುವೆ ಒಬ್ಬೊಬ್ಬರೇ ಮುಂದೆ ಬಂದು ನುಡಿಸಿ ಹಿಂದೆ ಸರಿಯುತ್ತಾರೆ. ಒಳಗೆ ನಿಂತರೆ ಅರ್ಥವಾಗುತ್ತದೆ, ಹೊರಗೆ ನಿಂತು ವಿಶ್ಲೇಷಿಸಿದರೆ ಆಗುವುದಿಲ್ಲ. ‘ಫ್ರೀ ಜಾಜ್’ ಸ್ವಲ್ಪ ಹಗುರ, ಲವಲವಿಕೆಯದು, ಆದರೆ ಒಂದೇ ಸ್ಪೀಕರಿನ ಬ್ಲೂಟೂತ್ ಡಬ್ಬಿಯಲ್ಲಿ ಕೇಳಿದರೆ ಇಡೀ ಯೋಜನೆಯೇ ಹಾಳು.

ಮಿಂಗಸ್ ಕಷ್ಟ, ಏಕೆಂದರೆ ಅಲ್ಲಿ ಎಲ್ಲವೂ ಬರೆದು ಹೆಣೆದದ್ದು. ನೃತ್ಯಕ್ಕೆಂದು ಯೋಚಿಸಿದ ಸಂಗೀತ. ಭಾಗಗಳ ಹೆಸರುಗಳೂ ನರ್ತಕರವೇ. ತುತ್ತೂರಿಗಳು ಪದರ ಪದರವಾಗಿ ಒಂದರ ಮೇಲೊಂದು ಕೂತು, ಗತಿ ತಾನೇ ತಾನಾಗಿ ಏರಿ, ಕುಸಿದು, ಮತ್ತೆ ಏರುತ್ತದೆ. ನಡುವೆ ಸ್ಪೇನಿನ ಧಾಟಿಯ ಗಿಟಾರು ಬರುತ್ತದೆ. ಕವರಿನ ಹಿಂದಿನ ಟಿಪ್ಪಣಿಯ ಒಂದು ಭಾಗವನ್ನು ಮಿಂಗಸ್ ತಮಗೆ ಚಿಕಿತ್ಸೆ ಕೊಡುತ್ತಿದ್ದ ಮನಃಶಾಸ್ತ್ರಜ್ಞರಿಂದಲೇ ಬರೆಸಿದರು. ಒಂದೇ ಸ್ವರದ ಎಳೆಯನ್ನು ಹಿಂಬಾಲಿಸುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ನಡುವಿನ ಮೆಟ್ಟಿಲಲ್ಲಿದ್ದರೂ ಪೂರ್ತಿ ದಕ್ಕಿಲ್ಲ ಎಂದು ಆರಂಭದಲ್ಲಿ ಹೇಳಿದೆನಲ್ಲ, ಅದು ಇದೇ.

ದಾರಿ ತೋರಿಸಿದ್ದು ಒಂದು ಆಲ್ಟೋ ಸ್ಯಾಕ್ಸೋಫೋನ್. ಆ ಗುಂಪಿನ ನಡುವೆ ಅಳುವಂತೆ, ಬೇಡುವಂತೆ ಎದ್ದು ಬರುವ ಆ ಧ್ವನಿ ಚಾರ್ಲಿ ಮರಿಯಾನೋ ಅವರದು. ಇದೇ ಮರಿಯಾನೋ ಮುಂದೆ ನಾಗಸ್ವರ ಕಲಿತರು. 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ‘ಜ್ಯೋತಿ’ ಎಂಬ ಆಲ್ಬಂ ಮಾಡಿದರು. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ. ಹೊರತಂದದ್ದು ಮ್ಯೂನಿಕ್ಕಿನ ಇಸಿಎಂ ಸಂಸ್ಥೆ. ಮೊದಲು ‘ಜ್ಯೋತಿ’ಯಲ್ಲಿ ಆ ಸ್ಯಾಕ್ಸೋಫೋನಿನ ದನಿಯ ಗುರುತು ಹಿಡಿದುಕೊಳ್ಳಿ. ಆಮೇಲೆ ಮಿಂಗಸ್ ಹಾಕಿ, ಆ ಒಬ್ಬರನ್ನೇ ಬೆರಳು ಹಿಡಿದು ಜಾತ್ರೆ ಸುತ್ತುವ ಮಗುವಿನಂತೆ ಹಿಂಬಾಲಿಸಿ. ನನಗೆ ಬಾಗಿಲು ತೆರೆದದ್ದು ಹಾಗೆ, ಇನ್ನೂ ಒಳಗಿನ ಕೋಣೆಗಳು ಬಾಕಿ ಇವೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ಸ್ಯಾಕ್ಸೋಫೋನ್ ವಾದಕ ಆಲ್ಬರ್ಟ್ ಐಲರ್ ಅವರ ‘ಸ್ಪಿರಿಚುಯಲ್ ಯೂನಿಟಿ’ (1964) ಅರ್ಧ ಗಂಟೆಗೂ ಕಡಿಮೆ. ಅಗಲವಾಗಿ ನಡುಗುವ, ಗಂಟಲು ಕಟ್ಟಿದ ಆ ದನಿ ಮದುವೆ ಮನೆಯ ವಾಲಗಕ್ಕೆ ಹತ್ತಿರ. ಕದ್ರಿ ಗೋಪಾಲನಾಥ್ ಅವರಿಂದಾಗಿ ಸ್ಯಾಕ್ಸೋಫೋನ್ ಎಂದರೆ ಮಂಗಳವಾದ್ಯ ಎಂದುಕೊಂಡ ನಮ್ಮ ಕಡೆಯವರು ಇದಕ್ಕೆ ಹೆದರಬೇಕಿಲ್ಲ. ಸೆಸಿಲ್ ಟೇಲರ್ ಅವರ ‘ಯೂನಿಟ್ ಸ್ಟ್ರಕ್ಚರ್ಸ್’ (1966) ನಿಜವಾಗಿಯೂ ಕಠಿಣ. ಪಿಯಾನೋವನ್ನು ತಾಳವಾದ್ಯದಂತೆ ಬಾರಿಸುವ ಅವರ ಕೈಗಳ ವೇಗಕ್ಕೆ ಮನಸ್ಸು ಒಗ್ಗಲು ತಿಂಗಳುಗಳು ಬೇಕು. ಮೊದಲ ಐದರಲ್ಲಿ ಬೇಡ. ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ ‘ಆನ್ ದಿ ಕಾರ್ನರ್’ (1972) ತಬಲಾ ಮತ್ತು ಸಿತಾರ್ ಇದೆ ಎಂಬ ಆಸೆಗೆ ಕೊಳ್ಳುವವರನ್ನು ಮೋಸ ಮಾಡುತ್ತದೆ. ಬಾದಲ್ ರಾಯ್ ಅವರ ತಬಲಾ ಅಲ್ಲಿ ದೊಡ್ಡ ಯಂತ್ರದ ಒಂದು ಹಲ್ಲುಚಕ್ರ, ಅಷ್ಟೆ. ಆಲಿಸ್ ಅವರ ತಂಬೂರಿ ನಮ್ಮನ್ನು ಕರೆದು ಕೂರಿಸುತ್ತದೆ. ಮೈಲ್ಸ್ ಅವರ ತಬಲಾ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಎರಡನೆಯದೇ ಹೆಚ್ಚು ಇಷ್ಟ.

ಮೊಬೈಲಿನಲ್ಲೋ, ರೆಕಾರ್ಡಿನಲ್ಲೋ

ಒಂದು ಹೊಸ ರೆಕಾರ್ಡಿನ ಹಣದಲ್ಲಿ ಮೊಬೈಲ್ ಸಂಗೀತದ ಒಂದು ವರ್ಷದ ಚಂದಾ ಕಟ್ಟಬಹುದು. ಆದ್ದರಿಂದ ಮೊದಲ ಹತ್ತು ಸಲ ಮೊಬೈಲಿನಲ್ಲೇ ಕೇಳಿ. ಹತ್ತು ಸಲ ಕೇಳಿಸಿಕೊಳ್ಳಲಾಗದ್ದನ್ನು ಕೊಂಡು ಕಪಾಟಿನಲ್ಲಿಟ್ಟರೆ ಅದು ಧೂಳು ಹೊರುವ ವಸ್ತು.

ಹಾಗಾದರೆ ರೆಕಾರ್ಡು ಯಾಕೆ? ಒಂದು ಮುಖಕ್ಕೆ ಹೆಚ್ಚೆಂದರೆ ಇಪ್ಪತ್ತು ನಿಮಿಷ ಚಿಲ್ಲರೆ ಎಂಬ ಮಿತಿಯೇ ಕಾರಣ. ಕಠಿಣ ಸಂಗೀತಕ್ಕೆ ಅದು ಹದವಾದ ಪ್ರಮಾಣ. ಒಂದು ಮುಖ ಮುಗಿದು, ರೆಕಾರ್ಡಿನ ಗೆರೆಯಲ್ಲಿ ಓಡಿ ದನಿ ಎಬ್ಬಿಸುವ ಮುಳ್ಳು ಮೇಲೆದ್ದಾಗ ಮನಸ್ಸು ತಾನೇ ಕೇಳಿದ್ದನ್ನು ಮೆಲುಕು ಹಾಕುತ್ತದೆ. ಮೊಬೈಲಿನಲ್ಲಿ ಅದೇ ಹೊತ್ತಿಗೆ ಮುಂದಿನದು ತಾನಾಗಿ ಶುರುವಾಗಿರುತ್ತದೆ.

ಆದರೆ ಎಲ್ಲ ಆಲ್ಬಂಗಳಿಗೂ ಈ ಮಾತು ಹೊಂದುವುದಿಲ್ಲ. ‘ಎ ಲವ್ ಸುಪ್ರೀಮ್’ ಎರಡೆರಡು ಭಾಗವಾಗಿ ಎರಡು ಮುಖಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ. ಮಿಂಗಸ್ ಆಲ್ಬಂನಲ್ಲಿ ಎರಡನೆಯ ಮುಖ ಸುಮಾರು ಹದಿನೆಂಟು ನಿಮಿಷದ ಒಂದೇ ಓಟ, ಅದೂ ಸರಿ. ‘ಫ್ರೀ ಜಾಜ್’ ಮತ್ತು ‘ಅಸೆನ್ಷನ್’ ಮಾತ್ರ ನಡುಮಧ್ಯೆ ಕತ್ತರಿಸಿ ಹೋಗುತ್ತವೆ. ರಥ ಅರ್ಧ ಬೀದಿಗೆ ಬಂದಾಗ ಎಳೆಯುವವರೆಲ್ಲ ಹಗ್ಗ ಬಿಟ್ಟು ಕಾಫಿ ಕುಡಿಯಲು ಹೋದಂತೆ. ಈ ಎರಡನ್ನೂ ಮೊಬೈಲಿನಲ್ಲಿ ಅಥವಾ ಸಿಡಿಯಲ್ಲಿ, ಒಂದೇ ಏಟಿಗೆ ಕೇಳುವುದು ಮೇಲು. ‘ಅಸೆನ್ಷನ್’ಗೆ ಇನ್ನೊಂದು ಕಾರಣವೂ ಇದೆ. ಅಂದು ಎರಡು ಸಲ ಪೂರ್ತಿ ನುಡಿಸಿದ್ದರು. ಮೊದಲು ಒಂದನ್ನು ಬಿಡುಗಡೆ ಮಾಡಿ, ಆಮೇಲೆ ಅದೇ ಕವರಿನಲ್ಲಿ ಸದ್ದಿಲ್ಲದೆ ಇನ್ನೊಂದನ್ನು ಇಟ್ಟರು. ಹಳೆಯ ರೆಕಾರ್ಡಿನಲ್ಲಿ ಯಾವುದು ಸಿಕ್ಕಿತು ಎಂದು ಲೇಬಲ್ಲಿನ ಸುತ್ತಲ ಒಳ ಅಂಚಿನಲ್ಲಿ ಕೊರೆದ ಗೀಚು ನೋಡಿ ಹುಡುಕಬೇಕು. ಸಿಡಿಯಲ್ಲಿ ಎರಡೂ ಸಿಗುತ್ತವೆ.

ಯಾವ ಮುದ್ರಣ

ಸಂಗ್ರಹಕಾರರು ಮೊದಲ ಮುದ್ರಣದ ಬಗ್ಗೆ ಹೇಳುವ ಕಥೆಗಳಿಗೆ ಕೊನೆಯಿಲ್ಲ. ಒಳ ಅಂಚಿನಲ್ಲಿ ‘ವ್ಯಾನ್ ಗೆಲ್ಡರ್’ ಎಂಬ ಠಸ್ಸೆ ಇದೆಯೇ, ಬ್ಲೂ ನೋಟ್ ಕಂಪನಿಯದಾದರೆ ಕಿವಿಯ ಆಕಾರದ ಗೀಚು ಇದೆಯೇ, ಲೇಬಲ್ಲಿನ ಮೇಲೆ ಯಾವ ವಿಳಾಸ ಇದೆ. ಓದಲು ರುಚಿಯಾಗಿದೆ. ಕಾಫಿ ಬೆಳೆಗೆ ಎಷ್ಟೇ ಬೆಲೆ ಬಂದರೂ ನಾನು ಆ ದಾರಿ ಹಿಡಿಯುವುದಿಲ್ಲ. ಹಳೆಯದೆಲ್ಲ ಉತ್ತಮ ಎಂಬುದಕ್ಕೆ ಒಂದು ಸೊಗಸಾದ ಅಪವಾದ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. 1959ರ ಮಾರ್ಚ್ 2ರಂದು ಧ್ವನಿಮುದ್ರಿಸುವಾಗ ಟೇಪ್ ಯಂತ್ರ ಕೊಂಚ ನಿಧಾನವಾಗಿ ಓಡುತ್ತಿತ್ತು. ಹಾಗಾಗಿ ಮೊದಲ ಮುಖದ ಮೂರೂ ಹಾಡುಗಳು ರೆಕಾರ್ಡಿನಲ್ಲಿ ಸ್ವಲ್ಪ ಏರಿದ ಶ್ರುತಿಯಲ್ಲಿ ಕೇಳಿಸುತ್ತವೆ. ಅದನ್ನು ಸರಿಪಡಿಸಿದ್ದು 1990ರ ದಶಕದ ಮರುಮುದ್ರಣದಲ್ಲಿ. ಲಕ್ಷಗಟ್ಟಲೆ ಜನ ಮೂವತ್ತು ವರ್ಷ ತಪ್ಪು ಶ್ರುತಿಗೆ ಕಣ್ಣು ಮುಚ್ಚಿ ತಲೆದೂಗಿದರು. ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಜೊತೆಗೆ ನುಡಿಸಲು ಹೋದರೆ ದುಬಾರಿಯ ಮೊದಲ ಮುದ್ರಣವೇ ಕೈಕೊಡುತ್ತದೆ.

ಇನ್ನು ಉಳಿಯುವುದು ಎರಡು ದಾರಿ. ಒಂದು, ಮೂಲ ಟೇಪಿನಿಂದ ಎಚ್ಚರದಿಂದ ಮಾಡಿದ ಮರುಮುದ್ರಣ. ಬ್ಲೂ ನೋಟ್ ಸಂಸ್ಥೆಯ ‘ಟೋನ್ ಪೊಯೆಟ್’ ಸರಣಿ 2019ರಲ್ಲಿ ಶುರುವಾಯಿತು. ಅದಕ್ಕಿಂತ ಕಡಿಮೆ ಬೆಲೆಯ ‘ಕ್ಲಾಸಿಕ್ ವಿನೈಲ್’ ಸರಣಿಯ ಗೆರೆಗಳನ್ನೂ ಅದೇ ತಂತ್ರಜ್ಞ, ಕೆವಿನ್ ಗ್ರೇ, ಕೆತ್ತುತ್ತಾರೆ. ವ್ಯತ್ಯಾಸದ ಹಣ ಹೆಚ್ಚಾಗಿ ಕವರಿನ ದಪ್ಪಕ್ಕೆ ಹೋಗುತ್ತದೆ ಎಂಬುದು ನನ್ನ ಅನಿಸಿಕೆ. ನಾನು ಎರಡನೆಯದನ್ನೇ ಕೊಳ್ಳುತ್ತೇನೆ. ‘ಎ ಲವ್ ಸುಪ್ರೀಮ್’ಗೆ 2020ರಲ್ಲಿ ಬಂದ ‘ಅಕೂಸ್ಟಿಕ್ ಸೌಂಡ್ಸ್’ ಸರಣಿಯದು ಚೆನ್ನಾಗಿದೆ.

ಇನ್ನೊಂದು ದಾರಿ ಯುರೋಪಿನ ಅಗ್ಗದ ಮುದ್ರಣಗಳು. ಅಲ್ಲಿನ ಕಾನೂನಿನಂತೆ 1962ರ ಕೊನೆಯವರೆಗೆ ಪ್ರಕಟವಾದ ಧ್ವನಿಮುದ್ರಣಗಳ ಹಕ್ಕು ಮುಗಿದಿದೆ. ಹಾಗಾಗಿ ಯಾವ ಸಣ್ಣ ಕಂಪನಿ ಬೇಕಾದರೂ ಅಚ್ಚು ಹಾಕಬಹುದು. ಮೂಲ ಟೇಪು ಕೈಗೆ ಸಿಗದ ಕಾರಣ ಬಹುಪಾಲು ಸಿಡಿಯಿಂದಲೇ ಹಾಕುತ್ತಾರೆ. 1959ರ ಕೋಲ್‌ಮನ್ ಅಗ್ಗಕ್ಕೆ ಸಿಗುವುದು, 1964ರ ಡಾಲ್ಫಿ ಸಿಗದಿರುವುದು ಇದರಿಂದಲೇ. ತಿರಸ್ಕರಿಸಬೇಕಾದ ವಸ್ತುವೇನಲ್ಲ. ಹೊಸ ಟರ್ನ್‌ಟೇಬಲ್ಲಿನಲ್ಲಿ ಕೈ ಪಳಗುವವರೆಗೆ, ಮುಳ್ಳು ಜಾರಿ ಗೀರು ಬಿದ್ದರೂ ಹೊಟ್ಟೆ ಉರಿಯದ ಒಂದು ರೆಕಾರ್ಡು ಮನೆಯಲ್ಲಿರಬೇಕು. ಕವರಿನ ಮೇಲೆ 180 ಗ್ರಾಂ ಎಂದು ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. ಅದು ತೂಕ, ಧ್ವನಿಯ ಗುಣ ಅಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮಾರುವವರು ವಿಜಿ ಪ್ಲಸ್, ವಿಜಿ (ವೆರಿ ಗುಡ್) ಎಂದು ದರ್ಜೆ ಹಾಕುತ್ತಾರೆ. ರಾಕ್ ಸಂಗೀತಕ್ಕೆ ವಿಜಿ ನಡೆಯುತ್ತದೆ. ಬಾಸ್ ಒಂದೇ ನುಡಿಯುವ ಜಾಗದಲ್ಲಿ ಒಗ್ಗರಣೆ ಸಿಡಿದಂತೆ ಚಟಪಟ ಕೇಳಿದರೆ ಜಾಜ್ ಕೆಟ್ಟಿತು. ವಿಜಿ ಪ್ಲಸ್‌ಗಿಂತ ಕೆಳಗಿನದು ಬೇಡ.

ಯಂತ್ರ, ಕರೆಂಟು, ಬೂಷ್ಟು

ನನ್ನ ಮೊದಲ ಟರ್ನ್‌ಟೇಬಲ್ ಅಮೆರಿಕದಿಂದ ಮರಳಿದ ಪರಿಚಯದವರು ಕೊಟ್ಟದ್ದು. ವೋಲ್ಟೇಜಿಗೆ ಟ್ರಾನ್ಸ್‌ಫಾರ್ಮರ್ ಹಾಕಿ ನೆಮ್ಮದಿಯಾಗಿದ್ದೆ. ಕೋಲ್ಟ್ರೇನ್ ಮಾತ್ರ ಜ್ವರ ಬಂದವರಂತೆ ನುಡಿಸುತ್ತಿದ್ದರು. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ವಿದ್ಯುತ್ತಿನ ಆವರ್ತನೆಯನ್ನೇ ನೆಚ್ಚಿ ತಿರುಗುವ ಮೋಟಾರು ನಿಮಿಷಕ್ಕೆ ಮೂವತ್ತಮೂರು ಸುತ್ತಿನ ಬದಲು ಇಪ್ಪತ್ತೆಂಟಕ್ಕಿಂತ ಕಡಿಮೆ ಸುತ್ತುತ್ತಿತ್ತು; ಶ್ರುತಿ ಮೂರು ಸ್ವರಸ್ಥಾನ ಕೆಳಗೆ. ಟ್ರಾನ್ಸ್‌ಫಾರ್ಮರಿಗೆ ಇದನ್ನು ಸರಿಪಡಿಸಲಾಗದು. ಅದೇ ಕಾರಣಕ್ಕೆ, ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಅಗ್ಗದ ಇನ್ವರ್ಟರಿನ ಮೇಲೆ ಬದುಕುವ ನಮ್ಮಂಥವರು ಎಲೆಕ್ಟ್ರಾನಿಕ್ ನಿಯಂತ್ರಣದ ಡಿಸಿ ಮೋಟಾರು ಇರುವುದನ್ನೇ ಆರಿಸುವುದು ಕ್ಷೇಮ. ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಮತ್ತು ಎಲ್‌ಪಿ120ಎಕ್ಸ್ ಎರಡೂ ಆ ಬಗೆಯವು. ಮೊದಲನೆಯದು ಅಗ್ಗ, ಗುಂಡಿ ಒತ್ತಿದರೆ ಸಾಕು, ಆದರೆ ಮುಳ್ಳಿನ ಭಾರವನ್ನು ನಾವು ಹೊಂದಿಸಲು ಬರುವುದಿಲ್ಲ. ಎರಡನೆಯದರಲ್ಲಿ ಬರುತ್ತದೆ. ಹೆಚ್ಚಿನ ಒಳ್ಳೆಯ ಮುಳ್ಳುಗಳು ಒಂದೂವರೆಯಿಂದ ಎರಡೂವರೆ ಗ್ರಾಂ ಭಾರ ಕೇಳುತ್ತವೆ. ಸೂಟ್‌ಕೇಸಿನ ಆಕಾರದ ಚಂದದ ಆಟಿಕೆಗಳು ಅದರ ಎರಡರಷ್ಟು ಒತ್ತುತ್ತವೆ. ಅವು ಬೇಡ.

ಮುಳ್ಳಿನ ಮೇಲೆ ಹಣ ಹಾಕಿ ಎಂದು ಹೇಳಲು ಕಾರಣ ಮತ್ತೆ ಮಿಂಗಸ್. ರೆಕಾರ್ಡು ಒಂದೇ ವೇಗದಲ್ಲಿ ಸುತ್ತಿದರೂ ಒಳಗಿನ ಗೆರೆಗಳ ಸುತ್ತಳತೆ ಚಿಕ್ಕದು, ಅಲ್ಲಿ ಅಷ್ಟೇ ಸಂಗೀತ ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ಕೂತಿರುತ್ತದೆ. ‘ಬ್ಲ್ಯಾಕ್ ಸೇಂಟ್’ ಎರಡನೆಯ ಮುಖದ ಉನ್ಮಾದ ಬರುವುದು ಸರಿಯಾಗಿ ಅಲ್ಲೇ. ಗುಂಡು ತುದಿಯ ಮುಳ್ಳಿಗೆ ಅದು ಗೊಗ್ಗರು ದನಿಯಾಗುತ್ತದೆ, ಅಂಡಾಕಾರದ ತುದಿ ಸಂಭಾಳಿಸುತ್ತದೆ.

ಹಾಸನದಲ್ಲಿ ಶತ್ರು ಧೂಳು. ಒಂದು ಬ್ರಷ್ ಸಾಕು. ಮೂಡಿಗೆರೆ, ಸಕಲೇಶಪುರದ ಕಡೆ ಶತ್ರು ಬೂಷ್ಟು. ಆರಿದ್ರಾ ಮಳೆಯಿಂದ ಆಶ್ಲೇಷಾದವರೆಗೆ ಚಪ್ಪಲಿಯ ಮೇಲೆ, ಬೆಲ್ಟಿನ ಮೇಲೆ, ಪುಸ್ತಕದ ಬೆನ್ನಿನ ಮೇಲೆ ಏನು ಬೆಳೆಯುತ್ತದೆಯೋ ಅದೇ ರೆಕಾರ್ಡಿನ ಗೆರೆಗಳಲ್ಲೂ ಬೆಳೆಯುತ್ತದೆ. ಪಡುವಣ ಗೋಡೆಗೆ ತಾಗಿಸಿ ಕಪಾಟು ಇಡಬೇಡಿ. ಕಾಗದದ ಒಳಚೀಲ ತೇವ ಹೀರುತ್ತದೆ. ಪಾಲಿಥೀನ್ ಒಳಚೀಲಕ್ಕೆ ಬದಲಿಸಿ. ಹೊರಗಿನ ದಪ್ಪ ಪಿವಿಸಿ ಕವರು ತೇವವನ್ನು ಒಳಗೇ ಕೂಡಿಹಾಕುತ್ತದೆ, ತೆಗೆದು ಎಸೆಯಿರಿ. ಬೂಷ್ಟು ಬಂದೇಬಿಟ್ಟರೆ ಡಿಸ್ಟಿಲ್ಡ್ ವಾಟರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ, ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ ಮೆತ್ತನೆಯ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲೇ ಒರೆಸಿ, ಮತ್ತೆ ಬರೀ ನೀರಿನಲ್ಲಿ ಒರೆಸಿ. ಹಳೆಯ ಬಂಗಲೆಗಳ ಅಟ್ಟದಲ್ಲಿ ಸಿಗುವ 78 ವೇಗದ ಅರಗಿನ ರೆಕಾರ್ಡುಗಳಿಗೆ ಆಲ್ಕೋಹಾಲ್ ಮುಟ್ಟಿಸಿದರೆ ಕರಗಿಹೋಗುತ್ತವೆ. ಒಂದನ್ನು ಹಾಗೆ ಕೊಂದಿದ್ದೇನೆ.

ಯಾವಾಗಲೂ ನೆಟ್ಟಗೆ ನಿಲ್ಲಿಸಿಡಿ. ಕವರು ಸೇರಿ ಒಂದಕ್ಕೆ ಕಾಲು ಕಿಲೋ ಎಂದು ಹಿಡಿದರೂ ಇನ್ನೂರು ರೆಕಾರ್ಡು ಎಂದರೆ ಐವತ್ತು ಕಿಲೋದ ಒಂದು ಕಾಫಿ ಮೂಟೆ. ಪ್ಲೈವುಡ್ ಹಲಗೆ ಎರಡು ಮಳೆಗಾಲಕ್ಕೆ ಬಾಗುತ್ತದೆ.

ಅಕ್ಕನ ಮಗ ಕೊನೆಗೆ ಕೊಂಡದ್ದು ನಾಲ್ಕು: ‘ಎ ಲವ್ ಸುಪ್ರೀಮ್’, ಮಿಂಗಸ್, ಅಗ್ಗದ ಮುದ್ರಣದ ಕೋಲ್‌ಮನ್, ಮತ್ತು ನನ್ನ ಮಾತು ಮೀರಿ ಆಲಿಸ್ ಕೋಲ್ಟ್ರೇನ್. ‘ಜ್ಯೋತಿ’ಯನ್ನು ಹಳೆಯ ಪ್ರತಿಗಳಲ್ಲಿ ಹುಡುಕುತ್ತಿದ್ದಾನೆ, ಸಿಕ್ಕಿಲ್ಲ. ಐದನೆಯದನ್ನು ಕೊಯ್ಲು ಮುಗಿದ ಮೇಲೆ ನಾನೇ ಕೊಡಿಸುತ್ತೇನೆ ಎಂದಿದ್ದೇನೆ. ಡಾಲ್ಫಿ ಎಂದು ನಾನು, ಸೆಸಿಲ್ ಟೇಲರ್ ಎಂದು ಅವನು. ಹೋದ ಭಾನುವಾರ ಫೋನಿನಲ್ಲಿ ಮುಕ್ಕಾಲು ಗಂಟೆ ವಾದ ಮಾಡಿ ಇಬ್ಬರೂ ಸೋಲಲಿಲ್ಲ.